ಸಿಂಧನೂರಿನ ನಮ್ಮ ಮಂದಿ

ಒಬ್ಬಂಟಿಯಾಗಿರುವುದಕ್ಕೆ ಘನವಾದ ಕಾರಣವೊಂದಿದ್ದರೆ ಅರ್ಧ ದುಃಖ ಕಡಿಮೆಯಾಗುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ನನ್ನ ಕಾರಣವೋ ಆಕಾಶದಷ್ಟು ದೊಡ್ಡದು. ಬಾಹ್ಯಾಕಾಶ ನೌಕೆ ಭೂಮಿಯ ಗಾಳಿಯೊಳಗೆ ನುಗ್ಗುವಾಗ ಅದರ ಮೂತಿಯ ಮುಂದಿನ ಗಾಳಿ ಜಜ್ಜಿಹೋಗಿ, ಕಾದು, ಧಗಧಗ ಹೊಳೆಯುತ್ತದೆ. ಆ ಹೊಳಪಿನ ಝಳವೂ ನೌಕೆಯನ್ನು ಸುಡುತ್ತದೆ. ಎಷ್ಟು ಸುಟ್ಟೀತೆಂದು ತಿಳಿಯಲು ದೂರದ ಪ್ರಯೋಗಾಲಯವೊಂದರಲ್ಲಿ ಉದ್ದನೆಯ ಕೊಳವೆಯೊಳಗೆ ಅನಿಲಕ್ಕೆ ಅಂಥದ್ದೇ ಪೆಟ್ಟು ಕೊಟ್ಟು, ಕಣ್ಣು ಮಿಟುಕಿಸುವ ಮೊದಲೇ ಮುಗಿಯುವ ಆ ಬೆಳಕನ್ನು ಅಳೆಯುತ್ತಾರೆ. ಲಿಂಗಸುಗೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ನಾನು ಬೆಳಕು ಅಳೆಯುವ ಅವರ ಉಪಕರಣವನ್ನು ಮಸ್ಕಿಯ ನನ್ನ ಬಾಡಿಗೆ ಮನೆಗೆ ತಂದು ಪರೀಕ್ಷಿಸಿ ಕೊಡುತ್ತೇನೆ. ಬೆಳಕು ಅವರ ಪಾಲಿಗೆ, ಕತ್ತಲೆ ನನ್ನ ಪಾಲಿಗೆ. ಕತ್ತಲಲ್ಲಿ, ಎದುರಿಗೆ ಏನೂ ಇಲ್ಲದಾಗಲೂ ಉಪಕರಣ ಎಷ್ಟು ತೋರಿಸುತ್ತದೆಂದು ಮೊದಲು ತಿಳಿದು, ಆಮೇಲೆ ಬೆಳಕಿನ ಅಳತೆಯಿಂದ ಅದನ್ನು ಕಳೆಯಬೇಕು. ಇಂಥ ಕೆಲಸಕ್ಕೆ ಮದುವೆಯಾಗದೆ ಉಳಿದ ಮಾಸ್ತರನಿಗಿಂತ ತಕ್ಕವರು ಯಾರು ಹೇಳಿ?

ತೊಂದರೆಯೆಂದರೆ, ನಮ್ಮ ಓಣಿಯಲ್ಲಿ ಬಾಗಿಲು ತಟ್ಟುವ ಪದ್ಧತಿಯಿಲ್ಲ. ದೂಡಿಕೊಂಡೇ ಒಳಗೆ ಬರುತ್ತಾರೆ. ಅವರ ಬೆನ್ನಿಗೇ ಬಿಸಿಲೂ ಬರುತ್ತದೆ. ಹಾಗಾಗಿ ರಜೆಯ ದಿನ ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ಹಿತ್ತಲಿನಿಂದ ಕಳ್ಳನಂತೆ ಒಳಸೇರಿ, ಕಿಟಕಿಗೆ ಕಂಬಳಿ ಕಟ್ಟಿ ಕೂರುತ್ತಿದ್ದೆ.

ರಂಜಾನ್ ಹಬ್ಬದ ದಿನ ಹಾಗೇ ಕೂತಿದ್ದಾಗ, ಪಕ್ಕದ ಮನೆಯ ಖಾಜಾಬಿ ಹಾಲು-ಶಾವಿಗೆಯ ಸುರಕುಂಬದ ಬಟ್ಟಲು ಹಿಡಿದು ಬಂದದ್ದು ವಾಸನೆಯಿಂದಲೇ ಗೊತ್ತಾಯಿತು. ಕೂಗಬೇಕೆಂದು ಬಾಯಿ ತೆರೆದೆ.

"ಬೀಗ ಹಾಕೈತಿ ನೋಡವಾ," ಎಂದಳು ಎದುರು ಮನೆಯ ಬಸಮ್ಮ.

"ಚಲೋನ ಆತ್ ಬಿಡ್ರೀ," ಎಂದಳು ಖಾಜಾಬಿ. "ಮಾಸ್ತರಿಗೆ ಯಾರೂ ಇಲ್ಲಂತ ನನ್ನ ಜೀವ ಮರಗತಿತ್ತು. ಹಬ್ಬಕ್ಕ ಕರ್ಯಾಕ ಯಾರೋ ಅದಾರಲ್ಲ!"

ತೆರೆದ ಬಾಯಿ ಮುಚ್ಚಿದೆ. ಆ ಹೆಣ್ಣುಮಗಳಿಗೆ ಆದ ಸಮಾಧಾನವನ್ನು ಕೆಡಿಸುವ ಧೈರ್ಯವಾಗಲಿಲ್ಲ. ಬಟ್ಟಲು ವಾಪಸು ಹೋಯಿತು. ಅಂದಿನ ಕತ್ತಲೆಯ ಅಳತೆ ಬಹಳ ಚೆನ್ನಾಗಿ ಬಂತು. ನನಗೆ ಮಾತ್ರ ತಡೆಯಲಾರದಷ್ಟು ಬೇಜಾರಾಯಿತು.

ಮರುದಿನ ಎಲ್ಲಿಗೆ ಹೋಗಿದ್ದಿರಿ ಎಂದು ಖಾಜಾಬಿ ಕೇಳಿದಾಗ ಬಾಯಿಗೆ ಬಂದ ಊರು ಸಿಂಧನೂರು. "ಅಲ್ಲಿ ನಮ್ಮ ಮಂದಿ ಅದಾರ್ರಿ," ಎಂದುಬಿಟ್ಟೆ. ಸುಳ್ಳು ಹೇಳುವುದು ಎಮ್ಮೆ ಕಟ್ಟಿದ ಹಾಗೆ; ಆಮೇಲೆ ದಿನಾ ಮೇವು ಹಾಕಬೇಕು. ಮೊಹರಂ ಬಂತು. ನಾನು ಬೀಗ ಹುಡುಕುವ ಮೊದಲೇ ಖಾಜಾಬಿ ಡಬ್ಬಿಯ ತುಂಬ ಸಿಹಿ ಚೊಂಗೆ ತಂದು ಕೈಗಿಟ್ಟಳು. "ಸಿಂಧನೂರಿಗೆ ಹೊಂಟೀರಲ್ಲ, ನಿಮ್ಮ ಮಂದಿಗೂ ಕೊಡ್ರಿ." ನಾನು ಬಸ್ಸು ಹತ್ತುವವರೆಗೂ ಓಣಿಯ ತುದಿಯಲ್ಲಿ ನಿಂತಿದ್ದಳು.

ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಕೂತು ನಮ್ಮ ಮಂದಿಯ ಪಾಲಿನ ಚೊಂಗೆಯನ್ನೂ ನಾನೇ ತಿಂದೆ. ಪಕ್ಕದಲ್ಲಿದ್ದ ಮುದುಕ, "ಯಾರ ಹಾದಿ ನೋಡಾಕತ್ತೀರಿ?" ಎಂದ.

"ಮಸ್ಕಿ ಬಸ್ಸಿಂದ್ರಿ," ಎಂದೆ.

ನಮ್ಮ ಕಡೆ ತಿನಿಸು ಕೊಟ್ಟವರ ಡಬ್ಬಿಯನ್ನು ಬರಿದಾಗಿ ಮರಳಿಸುವಂತಿಲ್ಲ. ನಿಲ್ದಾಣದ ಅಂಗಡಿಯಲ್ಲಿ ಪೇಡೆ ಕೊಂಡು ತುಂಬಿದೆ.

ಸಂಜೆ ಖಾಜಾಬಿ ಮುಚ್ಚಳ ತೆಗೆದು ನೋಡಿದಳು. "ಯಾ ಅಲ್ಲಾ, ಪೇಡೆ ಕಳಿಸ್ಯಾರ! ಮಾಸ್ತರ, ನಿಮ್ಮ ಮಂದಿ ಬಾಳ ಚಲೋ ಮಂದಿ ಬಿಡ್ರಿ."

"ಹೌದ್ರಿ, ನನ್ನ ಬಾಳ ಹಚ್ಕೊಂಡಾರ," ಎಂದೆ. ಏನು ಹೇಳಲಿ, ಅವರನ್ನೊಮ್ಮೆ ನೋಡಬೇಕೆಂದು ಈಗ ನನಗೇ ಆಸೆಯಾಗಿಬಿಟ್ಟಿದೆ.