ವೀರಭದ್ರಮ್ಮನ ಹತ್ತು ಗಾದಿ

ಮೋಡಕ್ಕಿಂತ ಮೊದಲು ಬುರ್ಹಾನುದ್ದೀನನ ಮೇಲೆ ಎರಗಿದ್ದು ಪಕ್ಕದ ಮಾಳಿಗೆಯ ನಿಂಗರಾಜನ ಮೊಬೈಲು.

“ಭಾಯ್, ಮೂರು ಗಂಟೆ ಮ್ಯಾಲೆ ಪಶ್ಚಿಮದಿಂದ ಮಳಿ ಅಂತ ತೋರಿಸಾಕತ್ತದ! ಅರವತ್ತು ಪರ್ಸೆಂಟು!”

“ಉಳಿದ ನಲವತ್ತು?”

“ಅದು ನಿನ್ನ ನಸೀಬು.”

ಬುರ್ಹಾನುದ್ದೀನ್ ತಿರುಗಿ ತನ್ನ ಮಾಳಿಗೆ ನೋಡಿದ. ಮಳೆಗಾಲಕ್ಕೆ ಮುಂಚೆ ಹಳೆಯ ಗಾದಿ ಬಿಚ್ಚಿ, ಹತ್ತಿ ಹಿಂಜಿ, ಬಿಸಿಲಿಗೆ ಹರವಿ ಮತ್ತೆ ಹೊಲಿಯುವುದು ಅವನ ಕಸುಬು. ಈಗ ಮಾಳಿಗೆಯ ತುಂಬ ಹರಡಿದ್ದು ಎದುರುಮನೆಯ ವೀರಭದ್ರಮ್ಮನ ಹತ್ತು ಗಾದಿಗಳ ಹತ್ತಿ. ಸೋಮವಾರ ಅವಳ ಮಗಳ ಮದುವೆ. ನಾಳೆ ರಾತ್ರಿ ಮಾನ್ವಿಯ ಬೀಗರು ಬಂದು ಮಲಗಬೇಕಾದದ್ದು ಇವುಗಳ ಮೇಲೆಯೇ. ಹತ್ತಿ ನೆನೆದರೆ ನಾಲ್ಕು ದಿನ ಒಣಗದು. ವೀರಭದ್ರಮ್ಮನ ಬಾಯಿಗೆ ಸಿಕ್ಕವರು ನಾಲ್ಕು ವರ್ಷವಾದರೂ ಚೇತರಿಸಿಕೊಳ್ಳರು.

ಮಳೆ ಬಂದರೆ ಕರೆಂಟು ಹೋಗುತ್ತದೆ, ಕರೆಂಟು ಹೋದರೆ ನೀರಿಲ್ಲ. ರಾಯಚೂರಿನಲ್ಲಿ ಇದು ಕೂಸಿಗೂ ಗೊತ್ತು. ಬುರ್ಹಾನುದ್ದೀನ್ ಮೊದಲು ಓಡಿಹೋಗಿ ಬೋರಿನ ಮೋಟರು ಹಾಕಿದ. ಆಮೇಲೆ ಮಸರಕಲ್ಲಿನ ಗೆಳೆಯ ಹಂಪಯ್ಯನಿಗೆ ಫೋನು ಹಚ್ಚಿದ. ಮಸರಕಲ್ ಇರುವುದು ಪಡುವಣಕ್ಕೆ. ಅಲ್ಲಿ ಬಿದ್ದ ಮಳೆ ತಾಸೊಪ್ಪತ್ತಿನಲ್ಲಿ ಇಲ್ಲಿ ಬೀಳುತ್ತದೆಂಬುದು ಅವನ ನಂಬಿಕೆ.

“ಎಮ್ಮಿ ಹಿಂಡು ಬಂದಂಗ ಮ್ವಾಡ ಬರಾಕತ್ತದಪಾ!” ಎಂದ ಹಂಪಯ್ಯ. “ಫೋನಿಡು, ಮೇವು ಒಳಗ ಹಾಕ್ಬೇಕು.”

ಮಾಳಿಗೆಯ ಮೂಲೆಯಲ್ಲಿ, ನೀರಿನ ಟಾಕಿಯ ಕೆಳಗೆ ಒಂದು ಚಿಕ್ಕ ಕೋಣೆ. ಹತ್ತಿಯೆಲ್ಲ ಅದರೊಳಗೆ ಹೋಯಿತು. ಅಷ್ಟರಲ್ಲಿ ಫಳ್ಳನೆ ಬಿಸಿಲು ಬಿತ್ತು. ವೀರಭದ್ರಮ್ಮನೂ ಮೆಟ್ಟಿಲು ಹತ್ತಿ ಬಂದಳು.

“ಇಂಥ ಬಿಸಲಾಗ ನನ್ನ ಹತ್ತಿ ಕತ್ತಲದಾಗ ತುರುಕೀಯಲ್ಲೋ! ಮುಗ್ಗಲು ವಾಸನಿಗೆ ಬೀಗರು ಮೂಗು ಮುಚ್ಕೋಬೇಕೇನು?”

ಹತ್ತಿ ಮತ್ತೆ ಹೊರಗೆ ಬಂತು.

“ಭಾಯ್, ಎಪ್ಪತ್ತಾತು!” ಎಂದ ನಿಂಗರಾಜ. ಒಳಗೆ. “ಮೂವತ್ತಕ್ಕಿಳೀತು!” ಹೊರಗೆ. “ತೊಂಬತ್ತು! ತೊಂಬತ್ತು!” ಕೊನೆಯ ಸಲ ಎಲ್ಲವನ್ನೂ ಒಳಗೆ ತುರುಕಿ, ಬಾಗಿಲಿಗೆ ಚಿಲಕ ಹಾಕಿದ ಬುರ್ಹಾನುದ್ದೀನನ ಗಡ್ಡವೂ ಗಾದಿಯಂತಾಗಿತ್ತು. ಮೂವರೂ ಪಡುವಣಕ್ಕೆ ಮುಖಮಾಡಿ ನಿಂತರು.

ಪಟಪಟ ಸದ್ದು ಕೇಳಿಸಿತು.

“ಬಂತು! ನಾ ಹೇಳಿದ್ದಿಲ್ಲೇನು?” ನಿಂಗರಾಜ ಕುಣಿದ.

ಬುರ್ಹಾನುದ್ದೀನ್ ಕಣ್ಮುಚ್ಚಿ ದೇವರಿಗೆ ಶುಕ್ರಿಯಾ ಹೇಳಿದ. ಬರಲಿ ಬಿಡು, ಹತ್ತಿ ಒಳಗಿದೆ.

ವೀರಭದ್ರಮ್ಮ ಅಂಗೈ ಚಾಚಿದಳು. “ಒಂದು ಹನಿನೂ ಇಲ್ಲಲ್ಲೋ?”

ಇವರಿಬ್ಬರೂ ಕೈ ಚಾಚಿದರು. ಕೈ ಒಣಒಣ. ಸದ್ದು ಬರುತ್ತಿದ್ದುದು ಬೆನ್ನ ಹಿಂದಿನಿಂದ.

ಮಧ್ಯಾಹ್ನ ಹಾಕಿದ ಮೋಟರು ಇನ್ನೂ ಓಡುತ್ತಲೇ ಇತ್ತು. ಟಾಕಿ ತುಂಬಿ ತುಳುಕಿ, ಕೋಣೆಯ ಬೆಳಕಿಂಡಿಯೊಳಗೆ ಧೋ ಎಂದು ಸುರಿಯುತ್ತಿತ್ತು. ಬಾಗಿಲು ತೆಗೆದರೆ, ಹತ್ತು ಗಾದಿಗಳ ಹತ್ತಿ ನೆನೆದ ಕೋಳಿಯಂತೆ ಮುದುಡಿ ಕೂತಿತ್ತು.

ಫೋನು ಬಡಿದುಕೊಂಡಿತು. ಹಂಪಯ್ಯ.

“ಮ್ವಾಡ ಎಲ್ಲಾ ಶಹಾಪುರದ ಕಡಿ ಹೋತಪಾ. ನಿಮ್ಮಲ್ಲಿ ಹೆಂಗದ?”

ಬುರ್ಹಾನುದ್ದೀನ್ ವೀರಭದ್ರಮ್ಮನ ಕಡೆ ನೋಡಿದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು.

“ನೀರು ಬಂದು ಹೋತು ಹಂಪಯ್ಯಾ,” ಎಂದ. “ಗುಡುಗು ಈಗ ಶುರು ಆಗ್ತದ.”