ಬ್ಯಾಂಕಿನವರು ವಿಚಾರಿಸಲು ಬಂದ ದಿನ

ಎಲ್ಲಕ್ಕೂ ಕಾರಣ ಸಾವಕಾಶನ ಹೊಟ್ಟೆ. ಅದನ್ನು ಕರಗಿಸಿಯೇ ತೀರಬೇಕೆಂಬ ಹುಮ್ಮಸ್ಸಿನಲ್ಲಿ ಅವನು ಹಿಂದಿನ ವರ್ಷ ಕಂತಿನ ಸಾಲದ ಮೇಲೆ ಒಂದು ಟ್ರೆಡ್‌ಮಿಲ್ ತಂದಿದ್ದ. ಒಂದು ವಾರ ಅದರ ಮೇಲೆ ನಡೆದ. ಆಮೇಲೆ ಅಮ್ಮ ಅದರ ಮೇಲೆ ಒದ್ದೆ ಬಟ್ಟೆ ಹರವತೊಡಗಿದರು. ಬಟ್ಟೆ ಒಣಗಿಸುವುದಕ್ಕೆ ಇಷ್ಟೊಂದು ಕಂತು ಯಾಕೆ ಎಂದು ಅವನು ಕಟ್ಟುವುದನ್ನೇ ನಿಲ್ಲಿಸಿಬಿಟ್ಟ. "ಸಾವಕಾಶವಾಗಿ ಕಟ್ಟಿದ್ರಾಯ್ತು, ಸಾಲ ಎಲ್ಲಿಗೆ ಓಡಿಹೋಗುತ್ತೆ" ಎನ್ನುತ್ತಿದ್ದ. ಯಾವ ಕೆಲಸಕ್ಕೂ ಅವನದು ಇದೇ ಮಾತಾದ್ದರಿಂದ ಆ ಮೂರು ಮಹಡಿಯ ಕಟ್ಟಡದ ಜನ ಅವನ ನಿಜವಾದ ಹೆಸರನ್ನು ಎಂದೋ ಮರೆತಿದ್ದರು.

ಸಾಲ ನಿಜಕ್ಕೂ ಎಲ್ಲಿಗೂ ಓಡಿಹೋಗಲಿಲ್ಲ. ಬ್ಯಾಂಕಿನ ಗುಮಾಸ್ತೆ ಕೆಲಸಕ್ಕೆ ಪರೀಕ್ಷೆ, ಸಂದರ್ಶನ ಎಲ್ಲ ಮುಗಿದು, ಆರ್ಡರ್ ಇವತ್ತು ಬರುತ್ತೆ ನಾಳೆ ಬರುತ್ತೆ ಎಂದು ತಾಯಿ ಮಗ ಬಾಗಿಲು ಕಾಯುತ್ತಿದ್ದಾಗ ಆ ಸಾಲ ಬ್ಯಾಂಕಿನ ಕಂಪ್ಯೂಟರಿನಲ್ಲಿ ಹೋಗಿ ಕೂತಿತ್ತು. ಒಂದು ದಿನ ಬೆಳಿಗ್ಗೆಯೇ ಅಲ್ಲಿನ ಮೇಡಂ ಫೋನ್ ಮಾಡಿದರು.

"ನಿಮ್ಮ ಕ್ರೆಡಿಟ್ ಸ್ಕೋರ್ ತುಂಬಾ ಕಡಿಮೆ ಇದೆ. ಒಂದು ಸಾಲ ಬಾಕಿ ತೋರಿಸ್ತಿದೆ. ತಮ್ಮ ದುಡ್ಡನ್ನೇ ನೋಡಿಕೊಳ್ಳದವರ ಕೈಗೆ ಊರಿನವರ ದುಡ್ಡು ಹೇಗೆ ಕೊಡೋದು, ಹೇಳಿ?"

"ಕಟ್ಟಿಬಿಡ್ತೀನಿ ಮೇಡಂ."

"ಇವತ್ತು ನಮ್ಮವರೊಬ್ಬರು ನಿಮ್ಮ ಮನೆ ಹತ್ರ ಬಂದು ವಿಚಾರಿಸ್ತಾರೆ. ಅವರು ನಿಮ್ಮನ್ನ ಒಳ್ಳೇ ಮನುಷ್ಯ ಅಂತ ಬರೆದರೆ ಸಾಲ ತೀರಿಸೋಕೆ ಒಂದು ತಿಂಗಳು ಟೈಮ್ ಕೊಡ್ತೀವಿ. ಇಲ್ಲಾಂದ್ರೆ ಕೆಲಸ ಇಲ್ಲ."

ಆ ಕೆಲಸ ಸಾವಕಾಶನಿಗೆ ಬೇಕೇ ಬೇಕಿತ್ತು. ಇಷ್ಟು ವರ್ಷ ಕೌಂಟರಿನ ಹೊರಗೆ ನಿಂತು ಬೈಸಿಕೊಂಡಿದ್ದವನಿಗೆ ಒಮ್ಮೆಯಾದರೂ ಒಳಗೆ ಕೂತು "ಊಟದ ಟೈಮು, ಆಮೇಲೆ ಬನ್ನಿ" ಎನ್ನುವ ಆಸೆ. ಫೋನ್ ಕೆಳಗಿಡುವಷ್ಟರಲ್ಲಿ ಟ್ರೆಡ್‌ಮಿಲ್ ಕಂಪನಿಯಿಂದ ಸಂದೇಶ ಬಂತು. ಅವರ ವಸೂಲಿ ಮನುಷ್ಯನೂ ಇವತ್ತೇ ಬರುತ್ತಾನಂತೆ. ಅವನು ಬಂದು ಬಾಗಿಲಲ್ಲಿ ಕೂಗಾಡುವಾಗ ಬ್ಯಾಂಕಿನವರು ಬಂದರೆ ಕತೆ ಮುಗಿದಂತೆಯೇ.

ಕೆಳಗಿನ ಅಂಗಡಿಯ ಟೈಲರಣ್ಣನಿಗೆ ವಿಷಯ ತಿಳಿಯಿತು. ಮೂರನೇ ಮಹಡಿಯ ನರ್ಸಕ್ಕನಿಗೂ ತಿಳಿಯಿತು. ಅಲ್ಲಿಗೆ ಅದು ಸಾವಕಾಶನ ಸಮಸ್ಯೆಯಾಗಿ ಉಳಿಯದೆ ಇಡೀ ಕಟ್ಟಡದ ಸಮಸ್ಯೆಯಾಯಿತು.

"ನೀನು ಸುಮ್ನಿರು, ನಾನಿದೀನಿ," ಎಂದ ಟೈಲರಣ್ಣ. "ಬ್ಯಾಂಕಿನವರು ಬಂದ್ರೆ ಎಲ್ಲರೂ ಹೊಗಳೋದು. ವಸೂಲಿಯವನು ಬಂದ್ರೆ, ಅಂಥವನು ಇಲ್ಲಿಲ್ಲ ಅನ್ನೋದು."

"ಯಾರು ಯಾರು ಅಂತ ಹೇಗೆ ಗೊತ್ತಾಗುತ್ತೆ ಟೈಲರಣ್ಣ?"

"ಬಟ್ಟೆ ನೋಡಿ ಮನುಷ್ಯನ ಜಾತಕ ಹೇಳ್ತೀನಿ ನಾನು. ವಸೂಲಿಯವನು ಬಂದ್ರೆ ಇಲ್ಲಿಂದಲೇ ಜೋರಾಗಿ ಕೆಮ್ಮುತ್ತೀನಿ. ನೀವು ಮೊದಲು ಆ ದರಿದ್ರ ಯಂತ್ರಾನ ಮೇಲೆ ಸಾಗಿಸಿ."

ಟ್ರೆಡ್‌ಮಿಲ್ಲನ್ನು ನರ್ಸಕ್ಕನ ಮನೆಗೆ ಸಾಗಿಸುವುದೆಂದು ತೀರ್ಮಾನವಾಯಿತು. ಮೇಲಿನ ತುದಿ ನರ್ಸಕ್ಕ ಹಿಡಿದರು, ಕೆಳಗಿನ ತುದಿ ಸಾವಕಾಶ. ತಲೆಗೆ ಟವೆಲ್ ಸುತ್ತಿ, ಬನಿಯನ್ನಿನಲ್ಲಿ ಬೆವರು ಸುರಿಸುತ್ತ ಅವನು ಒಂದೊಂದೇ ಮೆಟ್ಟಿಲು ಹತ್ತಿದ. ಕೊಂಡ ದಿನದಿಂದ ಆ ಯಂತ್ರ ಅವನಿಗೆ ಮಾಡಿಸಿದ ಮೊದಲ ನಿಜವಾದ ವ್ಯಾಯಾಮ ಅದೇ. ಎರಡನೇ ಮಹಡಿಯ ತಿರುವಿನಲ್ಲಿ ಅದು ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಕೊಂಡಿತು. ಮೇಲೂ ಹೋಗದು, ಕೆಳಗೂ ಬಾರದು.

ಅಷ್ಟರಲ್ಲಿ ಕೆಳಗಿನಿಂದ ಕೆಮ್ಮು ಕೇಳಿಸಿತು. ಸಣ್ಣಪುಟ್ಟ ಕೆಮ್ಮಲ್ಲ, ಆಸ್ಪತ್ರೆಗೆ ಸೇರಿಸಬೇಕಾದಂಥ ಕೆಮ್ಮು.

ಅಂಗಡಿಯ ಮುಂದೆ ನಿಂತಿದ್ದವನ ಅಂಗಿ ಮುದುರಿಹೋಗಿತ್ತು. ಒಂದು ಗುಂಡಿ ಇರಲಿಲ್ಲ. ಷೂ ತುಂಬ ಧೂಳು, ಕಂಕುಳಲ್ಲಿ ಹೆಲ್ಮೆಟ್. ಅವನು ಸಾವಕಾಶನ ನಿಜವಾದ ಹೆಸರು ಹೇಳಿ, ಇಲ್ಲೇ ಇರ್ತಾರಾ ಎಂದು ಕೇಳಿದ. ಟೈಲರಣ್ಣ ಆ ಹೆಸರನ್ನು ಹುಟ್ಟಿದಮೇಲೆ ಕೇಳಿಯೇ ಇಲ್ಲ ಎಂದ. ಮನುಷ್ಯ ಬಿಡದೆ ಮೊದಲ ಮಹಡಿಗೆ ಹತ್ತಿ ಬಾಗಿಲು ತಟ್ಟಿದ.

"ನಂಗೆ ಮಗನೇ ಇಲ್ಲಪ್ಪ," ಎಂದರು ಅಮ್ಮ. ಹೇಳಿದ ಮಾತಿಗೆ ತಮಗೇ ದುಃಖ ಉಕ್ಕಿಬಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನೋಡಿದವನಿಗೆ ಇನ್ನಷ್ಟು ಅನುಮಾನವಾಯಿತು. ಅವನು ಮತ್ತೆ ಮೆಟ್ಟಿಲು ಹತ್ತಿದ. ತಿರುವಿನಲ್ಲಿ ಟ್ರೆಡ್‌ಮಿಲ್ಲಿನ ಕೆಳಗೆ ಅರ್ಧ ಮುಳುಗಿದ್ದ ಸಾವಕಾಶ ಸಿಕ್ಕಿದ.

"ಅಯ್ಯೋ ಪಾಪ, ಇರಿ," ಎಂದು ಅವನು ಹೆಲ್ಮೆಟ್ ಕೆಳಗಿಟ್ಟು ಕೈಜೋಡಿಸಿದ. ಮೂವರೂ ಸೇರಿ ಎತ್ತಿದಾಗ ಯಂತ್ರ ಮೂರನೇ ಮಹಡಿ ಸೇರಿತು. "ನೀವು ಇಲ್ಲಿಯವರಾ?"

"ನಾನು ಹಮಾಲಿ ಸಾರ್," ಎಂದ ಸಾವಕಾಶ.

ಆ ಮನುಷ್ಯ ಅದೇ ಹೆಸರು ಹೇಳಿ ವಿಚಾರಿಸಿದ. "ಅವನು ಓಡಿಹೋಗಿ ಆರು ತಿಂಗಳಾಯ್ತು," ಎಂದರು ನರ್ಸಕ್ಕ. ಸಾವಕಾಶನಿಗೆ ಅಷ್ಟು ಸಾಲದೆನಿಸಿತು. ಇವನು ಮತ್ತೆಂದೂ ಈ ಕಡೆ ತಲೆಹಾಕದಂತೆ ಮಾಡಬೇಕೆಂದು ಅವನ ಉತ್ಸಾಹ ಉಕ್ಕಿತು.

"ಅವನ ಸುದ್ದಿ ಬಿಡಿ ಸಾರ್. ಮೈಗಳ್ಳ. ಮುಖ ನೋಡಿ ಸಾಲ ಕೊಟ್ರೆ ಮುಳುಗಿದ ಹಾಗೇ. ನನಗೇ ಕೂಲಿ ಕೊಟ್ಟಿಲ್ಲ. ಅವನಿಂದ ನಿಮಗೊಂದು ಪೈಸೆ ಹುಟ್ಟಲ್ಲ."

"ಹೌದಾ?" ಆ ಮನುಷ್ಯ ಹಮಾಲಿಯ ಬೆನ್ನು ತಟ್ಟಿದ. "ನಿಮ್ಮಂಥ ಪ್ರಾಮಾಣಿಕರು ಸಿಕ್ಕಿದ್ದು ಒಳ್ಳೇದಾಯ್ತು." ಹೆಲ್ಮೆಟ್ ಹಾಕಿಕೊಂಡು ಹೊರಟೇಹೋದ. ಕಟ್ಟಡಕ್ಕೆ ಕಟ್ಟಡವೇ ನಕ್ಕಿತು.

ಮಧ್ಯಾಹ್ನ ಟೈಲರಣ್ಣ ಕೆಮ್ಮಲಿಲ್ಲ, ಓಡೋಡಿ ಬಂದ. "ಬಂದ್ರು. ಟೈ ಕಟ್ಟಿದ್ದಾರೆ. ಪ್ಯಾಂಟಿನ ಇಸ್ತ್ರಿ ಗೆರೆ ಮುಟ್ಟಿದರೆ ಕೈ ಕುಯ್ಯುತ್ತೆ. ಬ್ಯಾಂಕೇ, ಸಂಶಯವೇ ಇಲ್ಲ."

ಸಾವಕಾಶ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟು ತಯಾರಾಗಿದ್ದ. ಟೈ ಕಟ್ಟಿದವರನ್ನು ಕುರ್ಚಿಯಲ್ಲಿ ಕೂರಿಸಿ, ಫ್ಯಾನ್ ತಿರುಗಿಸಿ, ಟೀ ಕೊಟ್ಟರು. "ನನ್ನ ಮಗ ಬಂಗಾರ," ಎಂದರು ಅಮ್ಮ. "ದುಡ್ಡಿಗೇನೂ ಕೊರತೆಯಿಲ್ಲ," ಎಂದರು ನರ್ಸಕ್ಕ. "ನನ್ನ ಹತ್ರ ವರ್ಷಕ್ಕೆ ನಾಲ್ಕು ಸೂಟ್ ಹೊಲಿಸ್ತಾನೆ," ಎಂದ ಟೈಲರಣ್ಣ. ಅವನು ಸೂಟ್ ಹೊಲಿದೇ ಹತ್ತು ವರ್ಷವಾಗಿತ್ತು.

"ಸಂತೋಷ," ಎಂದರು ಬಂದವರು. "ಮತ್ತೆ ಆ ಸಾಲ?"

"ಮರೆತುಹೋಗಿತ್ತು ಸಾರ್. ಕಟ್ಟೋ ಶಕ್ತಿ ಇದೆ. ಕಟ್ಟು ಅಂದ್ರೆ ಈ ಗಳಿಗೆಯಲ್ಲೇ ಕಟ್ತೀನಿ."

ಆಗ ಫೋನ್ ಬಂತು. ಬ್ಯಾಂಕಿನ ಮೇಡಂ. "ನಮ್ಮವರು ಬಂದು ಹೋದ್ರು. ಕೆಲಸ ಆಗಲ್ಲ, ಕ್ಷಮಿಸಿ."

"ಎಲ್ಲಿ ಹೋದ್ರು ಮೇಡಂ? ಇಲ್ಲೇ ಟೀ ಕುಡೀತಿದ್ದಾರಲ್ಲ."

"ಅವರು ಬೆಳಿಗ್ಗೆಯೇ ಬಂದಿದ್ದರು. ಮಗನೇ ಇಲ್ಲ ಅಂದ್ರಂತೆ ನಿಮ್ಮ ತಾಯಿ. ಅದನ್ನಾದ್ರೂ ಬಿಡಬಹುದಿತ್ತು. ಆದರೆ ಒಬ್ಬ ಹಮಾಲಿ ನಿಮ್ಮ ಬಗ್ಗೆ ಹೇಳಿದ ಮಾತು ಕೇಳಿದ ಮೇಲೆ ನಾವೇನೂ ಮಾಡೋ ಹಾಗಿಲ್ಲ."

ಸಾವಕಾಶ ಟೈ ಕಟ್ಟಿದವರ ಕಡೆ ತಿರುಗಿದ. "ಹಾಗಾದ್ರೆ ನೀವು?" ಎಂದ.

"ಟ್ರೆಡ್‌ಮಿಲ್ ವಸೂಲಿ," ಎಂದು ಅವರು ಟೀ ಲೋಟ ಕೆಳಗಿಟ್ಟರು. ಟೈಲರಣ್ಣ ಮೆಲ್ಲಗೆ ಬಾಗಿಲ ಕಡೆ ಸರಿದ. ನಡೆದದ್ದನ್ನೆಲ್ಲ ಅಮ್ಮನ ಬಾಯಿಂದ ಕೇಳಿ ವಸೂಲಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

"ಇಷ್ಟು ಚೆನ್ನಾಗಿ ತಪ್ಪಿಸ್ಕೊಳ್ಳೋರಿಗೆ, ತಪ್ಪಿಸ್ಕೊಳ್ಳೋರನ್ನ ಹಿಡಿಯೋದು ಕಷ್ಟವಲ್ಲ. ನಮ್ಮಲ್ಲಿ ಒಂದು ಕೆಲಸ ಖಾಲಿ ಇದೆ. ಸೇರ್ತೀರಾ?"

"ನನ್ನ ಸ್ಕೋರು ಸಾರ್?"

"ನಮ್ಮ ಕಂಪನಿ ಅದೆಲ್ಲ ನೋಡಲ್ಲ. ನೋಡಿದ್ರೆ ನನಗೇ ಕೆಲಸ ಸಿಕ್ತಿರಲಿಲ್ಲ."

ಅಮ್ಮನ ಮುಖ ಅರಳಿತು. ನರ್ಸಕ್ಕ ಚಪ್ಪಾಳೆ ತಟ್ಟಿದರು. ವಸೂಲಿಯವರು ಚೀಲದಿಂದ ಇನ್ನೊಂದು ಟೈ ತೆಗೆದು ಸಾವಕಾಶನ ಕೊರಳಿಗೆ ತಾವೇ ಕಟ್ಟಿದರು. ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ನಿಯಮ ಒಂದೇ. ಸಾಲಗಾರ ಎಷ್ಟೇ ಗೋಗರೆದ್ರೂ ಟೈಮ್ ಕೊಡಬಾರದು."

"ಕೊಡಲ್ಲ ಸಾರ್. ಮೊದಲು ಯಾರ ಮನೆಗೆ ಹೋಗ್ಲಿ?"

"ಎಲ್ಲಿಗೂ ಹೋಗೋದು ಬೇಡ. ಇಲ್ಲೇ ಶುರು ಮಾಡಿ. ಸಂಜೆಯೊಳಗೆ ಬಾಕಿ ಕಟ್ಟಿಸ್ಕೊಳ್ಳಿ. ಆಗಲ್ಲ ಅಂದ್ರೆ ಯಂತ್ರಾನ ಕೆಳಗೆ ಇಳಿಸಿ ತನ್ನಿ."

ಸಾವಕಾಶ ಒಂದು ವಾರದ ಟೈಮ್ ಕೇಳಲು ಬಾಯಿ ತೆರೆದ. ಈಗ ಕೇಳಬೇಕಾದದ್ದು ತನ್ನನ್ನೇ ಎಂದು ಹೊಳೆದು ಬಾಯಿ ಮುಚ್ಚಿಕೊಂಡ. ಆಮೇಲೆ ಟೈಯನ್ನು ಹೆಗಲ ಮೇಲೆ ಹಾಕಿಕೊಂಡು, ಮೂರನೇ ಮಹಡಿಯ ಮೆಟ್ಟಿಲು ಹತ್ತತೊಡಗಿದ.