ಇಂಕಿನ ಬೆರಳು, ತುರಿಕೆಯ ಕೈ

ನಾಗಮಂಗಲದ ಪ್ರೆಸ್ಸಿನಲ್ಲಿ ಆಫ್‌ಸೆಟ್ ಮಿಷನ್ ಓಡಿಸುವವನು ನಾನು. ಕೈಗೆ ಹತ್ತಿದ ಇಂಕು ಹೋಗುತ್ತೆ, ತುರಿಕೆ ಹೋಗಲ್ಲ. ತುರಿಕೆಯ ಹಿಂದೆಯೇ ಏನಾದರೊಂದು ಪಜೀತಿ ಬರುತ್ತಲೇ ಇರುತ್ತೆ. ಮಧ್ಯಾಹ್ನ ಮಿಷನ್ನಿನ ಸದ್ದಿಗೆ ಕಣ್ಣು ಅರ್ಧ ಮುಚ್ಚಿ, ಹಾಳೆಗಳು ಕೊಕ್ಕರೆಗಳ ಹಾಗೆ ಒಂದೊಂದೇ ಬಂದಿಳಿಯುವುದನ್ನು ನೋಡುತ್ತಿದ್ದರೆ ಆ ಪಜೀತಿಗಳೆಲ್ಲ ನೆನಪಿಗೆ ತೇಲಿ ಬರುತ್ತವೆ.

ಡಾಕ್ಟರು

ಒಂದು ಸಲ ಅಂಗೈ ಸುಲಿದು, ಬೆರಳ ಸಂದುಗಳು ಬಿರುಕು ಬಿಟ್ಟವು. ಸಾರು ಕಲಸಿದರೆ ಪ್ರಾಣ ಹೋಗುವಷ್ಟು ಉರಿ. ಈ ಕೈ ಹೋದರೆ ಹೊಟ್ಟೆಗೇನು ಅಂತ ಹೆದರಿ ಚರ್ಮದ ಡಾಕ್ಟರ ಹತ್ತಿರ ಹೋದೆ.

"ಕೈ ಯಾತರಲ್ಲಿ ತೊಳೀತೀರಿ?"

"ಪೆಟ್ರೋಲಲ್ಲಿ ಸಾರ್. ಇಂಕು ಬೇಗ ಹೋಯ್ತದೆ. ಗಾಡಿಗಿಂತ ಕೈಗೇ ಜಾಸ್ತಿ ಹಾಕಿವ್ನಿ."

"ಅದಕ್ಕೇ ಚರ್ಮ ಈ ಸ್ಪೀಡಲ್ಲಿ ಓಡಿಹೋಗ್ತಿದೆ!"

ಗ್ಲೌಸು

ಡಾಕ್ಟರು ಪೆಟ್ರೋಲ್ ಬಿಡಿಸಿ, ಮುಲಾಮು ಕೊಟ್ಟು, ಇಂಕಿನ ರೋಲರ್ ಒರೆಸುವಾಗ ಗ್ಲೌಸ್ ಹಾಕಲೇಬೇಕು ಅಂದರು. ಹಾಕಿದೆ. ಕನಸಲ್ಲಿ ಬೇರೆಯವರ ಕೈ ತೊಟ್ಟಂತಿತ್ತು. ಅದೇ ಮಂಪರಿನಲ್ಲಿ, ರೋಲರಿನ ಕೆಂಪು ಇಂಕು ಹತ್ತಿದ ಗ್ಲೌಸಲ್ಲೇ, ಅಚ್ಚಾದ ಲಗ್ನಪತ್ರಿಕೆಯೊಂದರ ಮೇಲೆ ಕೈ ಊರಿಬಿಟ್ಟೆ. ಹುಡುಗಿಯ ಹೆಸರಿನ ಕೆಳಗೆ ಐದೂ ಬೆರಳು ಕೆಂಪಗೆ ಮೂಡಿದವು.

ಜೊತೆಗೆ ಕೆಲಸ ಮಾಡುವ ಸಾಬರು ಹಣೆ ಚಚ್ಚಿಕೊಂಡರು. "ಯಾ ಅಲ್ಲಾ! ಇದೇನ್ ಮಾಡ್ಬುಟ್ರಿ ಭಾಯ್! ಹುಡುಗಿ ಅಪ್ಪ ಬಾಗ್ಲಲ್ಲೇ ನಿಂತವ್ರೆ!"

ಅಷ್ಟರಲ್ಲಿ ಆ ಯಜಮಾನರು ಒಳಗೆ ಬಂದು ಅದೇ ಪತ್ರಿಕೆಯನ್ನು ಕೈಗೆತ್ತಿಕೊಂಡರು. ತಿರುಗಿಸಿ ತಿರುಗಿಸಿ ನೋಡಿದರು. ನಾನು ಗ್ಲೌಸಿನ ಕೈ ಬೆನ್ನ ಹಿಂದೆ ಅಡಗಿಸಿಕೊಂಡೆ.

"ಹಸ್ತ ಬಲೇ ಸೊಗಸಾಗದೆ ಕಣಪ್ಪ," ಅಂದರು. "ಮಿಕ್ಕಿದ್ರಲ್ಲಿ ಯಾಕಿಲ್ಲ? ಎಲ್ಲಾಕೂ ಹಾಕ್ಕೊಡು!"

ಸಂಜೆವರೆಗೂ ನಾನೂ ಸಾಬರೂ ಕೂತು ಐನೂರು ಪತ್ರಿಕೆಗೆ ಆಶೀರ್ವಾದ ಮಾಡಿದೆವು.

ಹೆಬ್ಬೆಟ್ಟು

ಕೈ ವಾಸಿಯಾಗತೊಡಗಿತು. ಹೊಸ ಚರ್ಮ ನುಣ್ಣಗೆ ಬಂತು, ಗೆರೆಗಳು ಮಾತ್ರ ಇನ್ನೂ ಬಂದಿರಲಿಲ್ಲ. ಅದು ಗೊತ್ತಾಗಿದ್ದು ರೇಷನ್ ಡಿಪೋದಲ್ಲಿ. ಬೆರಳಚ್ಚಿನ ಮಿಷನ್ನಿನ ಮೇಲೆ ಹೆಬ್ಬೆಟ್ಟು ಇಟ್ಟೆ, ಕೆಂಪು ದೀಪ. ಹತ್ತೂ ಬೆರಳಿಟ್ಟೆ, ಹತ್ತಕ್ಕೂ ಕೆಂಪು.

"ನಿಮ್ದು ಬೆರಳಲ್ಲ ಕಣಣ್ಣ, ಖಾಲಿ ಹಾಳೆ," ಅಂದ ಡಿಪೋದವನು. ಸಾಲಿನವರೆಲ್ಲ ನಕ್ಕರು. ಗೋಡೆಯ ಮೇಲೆ "ಹೆಬ್ಬೆಟ್ಟು ಕಡ್ಡಾಯ" ಅನ್ನೋ ನೋಟೀಸು. ಅಚ್ಚು ಹಾಕಿದವನು ನಾನೇ.

ಮನೆಗೆ ಫೋನ್ ಮಾಡಿದೆ. ಬಟ್ಟೆ ಒಗೆಯುತ್ತಿದ್ದ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಹೆಬ್ಬೆಟ್ಟು ಇಟ್ಟಳು. ಒಂದೇ ಸಲಕ್ಕೆ ಹಸಿರು ದೀಪ.

ಡಿಪೋದವನಿಗೆ ನನ್ನ ಮೇಲೆ ಇನ್ನೂ ಅನುಮಾನ. "ಅಕ್ಕ, ಇವ್ರು ನಿಮ್ ಯಜಮಾನ್ರೇ ತಾನೆ? ಮಿಷನ್ನು ಒಪ್ತಾ ಇಲ್ವಲ್ಲ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದಳು.

"ಮೊದ್ಲು ಅಕ್ಕಿ ತೂಗಣ್ಣ," ಅಂದಳು. "ಆಮೇಲೆ ಯೋಚ್ನೆ ಮಾಡಿ ಯೇಳ್ತೀನಿ."